ಅಪ್ರೆಂಟಿಸ್‌ಗಳಿಗೆ ಡಿಸೈನ್ ಸ್ಪರ್ಧೆ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಂಪಾಡಿ, ಪಣಂಬೂರು, ನಂದಿಕೂರು, ಮಣಿಪಾಲ, ಎಲ್ಲಿ ಅಪ್ರೆಂಟಿಸ್ ಆಗಿ ಸೇರಿದವರೇ ಆಗಲಿ, ಡಿಸೈನ್ ಸ್ಪರ್ಧೆಯ ಮಾತು ಬಂದ ಕೂಡಲೇ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ತಂಡಗಳ ಜೊತೆ ಕೂತು ಡ್ರಾಯಿಂಗ್ ನೋಡುವುದು, ಆಗಾಗ ತೀರ್ಪುಗಾರನಾಗಿ ಹೋಗುವುದು ನನಗೆ ರೂಢಿ. ಫೋನಲ್ಲಿ ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪೂರ್ತಿ ಓದಲೇಬೇಕು ಅಂತಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

ಡಿಸೈನ್ ಸ್ಪರ್ಧೆ ಅಂದರೆ ಎಂತ ಮಾಡ್ಲಿಕ್ಕುಂಟು?

ಒಂದು ಸಮಸ್ಯೆ, ಇಷ್ಟು ಸಮಯ, ಇಷ್ಟು ದುಡ್ಡು. ಅಷ್ಟರೊಳಗೆ ನೀವು ಯೋಚಿಸಿ, ಡ್ರಾಯಿಂಗ್ ಮಾಡಿ, ವಸ್ತುವನ್ನು ಕಟ್ಟಿ, ತೀರ್ಪುಗಾರರ ಎದುರು ಓಡಿಸಿ ತೋರಿಸಬೇಕು. ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೆಲವು ಸ್ಪರ್ಧೆಗಳು ಡ್ರಾಯಿಂಗ್ ಮತ್ತು ವರದಿಗೇ ಮುಗಿಯುತ್ತವೆ. ನನ್ನನ್ನು ಕೇಳಿದರೆ, ಕೈಯಲ್ಲಿ ಮಾಡುವ ಭಾಗ ಇಲ್ಲದ ಸ್ಪರ್ಧೆಗೆ ಅಪ್ರೆಂಟಿಸ್‌ಗಳು ಹೋಗುವುದರಲ್ಲಿ ಅಂಥ ಲಾಭವಿಲ್ಲ.

ನಾನು ಹೇಗೂ ಕಂಪನಿಯಲ್ಲೇ ಕೆಲಸ ಕಲಿಯುತ್ತಿದ್ದೇನೆ. ಮತ್ತೆ ಸ್ಪರ್ಧೆ ಯಾಕೆ?

ಕಂಪನಿಯಲ್ಲಿ ನೀವು ನೋಡುವುದು ಆಗಲೇ ಓಡುತ್ತಿರುವ ಮೆಷಿನ್. ಆ ಪಂಪ್ ಅಲ್ಲೇ ಯಾಕಿದೆ, ಪೈಪ್ ಆ ದಾರಿಯಲ್ಲೇ ಯಾಕೆ ಹೋಗಿದೆ, ಮೋಟರ್ ಅಷ್ಟೇ ದೊಡ್ಡದು ಯಾಕೆ ಅನ್ನುವುದನ್ನೆಲ್ಲ ಯಾರೋ ಯಾವಾಗಲೋ ತೀರ್ಮಾನಿಸಿ ಹೋಗಿದ್ದಾರೆ. ನಿಮ್ಮ ಪಾಲಿಗೆ ಬರುವುದು ಗ್ರೀಸ್ ಹಚ್ಚುವುದು, ರೀಡಿಂಗ್ ಬರೆಯುವುದು, ಸೀಲ್ ಬದಲಿಸುವುದು. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ತೀರ್ಮಾನ ತೆಗೆದುಕೊಳ್ಳುವ ಕೆಲಸ ಅಪ್ರೆಂಟಿಸ್ ಕೈಗೆ ಬರುವುದೇ ಇಲ್ಲ. ಸ್ಪರ್ಧೆಯಲ್ಲಿ ಬರುತ್ತದೆ. ನೀವು ಹಾಕಿದ ಗೆರೆಯನ್ನು ಯಾರೋ ಕಡಿಯಬೇಕು, ಯಾರೋ ವೆಲ್ಡ್ ಮಾಡಬೇಕು, ಅದಕ್ಕೆ ಯಾರೋ ದುಡ್ಡು ಕೊಡಬೇಕು. ಆ ಮೂವರ ಬೈಗುಳವೂ ನಿಮಗೇ.

ಒಂದು ಸಣ್ಣ ಉದಾಹರಣೆ. ಎಂ8 ಬೋಲ್ಟ್ ಕಂಪ್ಯೂಟರಿನಲ್ಲಿ ಎಲ್ಲಿ ಇಟ್ಟರೂ ಚಂದ ಕೂರುತ್ತದೆ. ನಿಜದಲ್ಲಿ ಅದಕ್ಕೆ 13ರ ಸ್ಪ್ಯಾನರ್ ಹಾಕಬೇಕು, ಹಾಕಿದ ಮೇಲೆ ತಿರುಗಿಸಬೇಕು. ಆರು ಮೂಲೆಯ ಬೋಲ್ಟ್ ಹೆಡ್‌ಗೆ ಸ್ಪ್ಯಾನರ್ ಮತ್ತೆ ಕಚ್ಚಬೇಕಾದರೆ 60 ಡಿಗ್ರಿ ತಿರುಗಿರಬೇಕು. ಓಪನ್ ಎಂಡ್ ಸ್ಪ್ಯಾನರಿನ ಬಾಯಿ ಹಿಡಿಗೆ 15 ಡಿಗ್ರಿ ಓರೆಯಾಗಿರುವುದು ಇದಕ್ಕೇ. ಮಗುಚಿ ಮಗುಚಿ ಹಾಕಿದರೆ 30 ಡಿಗ್ರಿ ಜಾಗದಲ್ಲೂ ಬಿಗಿ ಮಾಡಬಹುದು. ಈ ಓರೆಯನ್ನು ಎಷ್ಟೋ ಜನ ದಿನಾ ನೋಡಿರುತ್ತಾರೆ, ಯಾಕೆ ಅಂತ ಕೇಳಿರುವುದಿಲ್ಲ. ತಾವೇ ಬಿಡಿಸಿದ ಬ್ರ್ಯಾಕೆಟ್‌ನ ಮೂಲೆಯಲ್ಲಿ ಬೋಲ್ಟ್ ಸಿಕ್ಕಿಹಾಕಿಕೊಂಡು ಸ್ಪ್ಯಾನರ್ ಅಲ್ಲಾಡದೆ ನಿಂತಾಗ ಕೇಳುತ್ತಾರೆ. ಪಕ್ಕದಲ್ಲಿದ್ದ ಫಿಟ್ಟರ್ ನಗುತ್ತಾ ಹೇಳಿಕೊಡುತ್ತಾರೆ. ಆಮೇಲೆ ಅದು ಜೀವಮಾನಕ್ಕೆ ಮರೆಯುವುದಿಲ್ಲ.

ಯಾರೆಲ್ಲ ಸೇರಬಹುದು? ಐಟಿಐ, ಡಿಪ್ಲೊಮಾ, ಬಿಇ ಎಲ್ಲರಿಗೂ ಅವಕಾಶ ಉಂಟಾ?

ಸ್ಪರ್ಧೆ ನೋಡಿಕೊಂಡು. ಇಲ್ಲೇ ಜಾಸ್ತಿ ಜನ ಎಡವುವುದು.

ಬಾಹಾ, ಸುಪ್ರಾ, ಫಾರ್ಮುಲಾ ಭಾರತ್ ತರಹದವು ಕಾಲೇಜು ವಿದ್ಯಾರ್ಥಿಗಳು ಗಾಡಿ ಕಟ್ಟಿ ಓಡಿಸುವ ಸ್ಪರ್ಧೆಗಳು. ನಮ್ಮಲ್ಲಿ ಮಣಿಪಾಲದ ಎಂಐಟಿ, ಸುರತ್ಕಲ್‌ನ ಎನ್‌ಐಟಿಕೆ ತಂಡಗಳು ಇಂಥ ಸ್ಪರ್ಧೆಗೆ ಗಾಡಿ ಕಟ್ಟುವುದನ್ನು ನೀವು ಕೇಳಿರಬಹುದು. ಓದು ಮುಗಿಸಿ ಅಪ್ರೆಂಟಿಸ್ ಆದವರಿಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಕೂಡ ವಿದ್ಯಾರ್ಥಿಗಳದ್ದೇ. ಅದರಲ್ಲಿ ಹಾರ್ಡ್‌ವೇರ್ ವಿಭಾಗ ಬೇರೆಯೇ ಉಂಟು.

ಐಟಿಐ, ಡಿಪ್ಲೊಮಾದವರು ನೋಡಬೇಕಾದ್ದು ಇಂಡಿಯಾ ಸ್ಕಿಲ್ಸ್, ದೇಶಮಟ್ಟದ ಕೌಶಲ ಸ್ಪರ್ಧೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕ್ಯಾಡ್, ಸಿಎನ್‌ಸಿ ಟರ್ನಿಂಗ್, ಸಿಎನ್‌ಸಿ ಮಿಲ್ಲಿಂಗ್, ವೆಲ್ಡಿಂಗ್, ಮೆಕಾಟ್ರಾನಿಕ್ಸ್ ಎಲ್ಲ ಇವೆ. ಗೆದ್ದವರಿಗೆ ವರ್ಲ್ಡ್ ಸ್ಕಿಲ್ಸ್ ತನಕ ದಾರಿ. 2024ರಲ್ಲಿ ಅದು ಫ್ರಾನ್ಸಿನ ಲಿಯಾನ್‌ನಲ್ಲಿ ನಡೆಯಿತು. ವಯಸ್ಸಿನ ಮಿತಿ ಬಿಗಿ, ಹೆಚ್ಚಿನ ವಿಭಾಗಗಳಿಗೆ 22. ಹಾಗಾಗಿ ಮುಂದಿನ ಸಲ ನೋಡುವ ಅಂತ ಕೂರಬೇಡಿ.

ಪದವಿ ಮುಗಿಸಿ 4 ವರ್ಷದೊಳಗೆ ಇರುವವರಿಗೆ ಜೇಮ್ಸ್ ಡೈಸನ್ ಅವಾರ್ಡ್ ಎಂಬ ಅಂತರರಾಷ್ಟ್ರೀಯ ಡಿಸೈನ್ ಸ್ಪರ್ಧೆ ತೆರೆದಿದೆ. ಇನ್ನು ಕಂಪನಿಗಳು ತಮ್ಮೊಳಗೇ ನಡೆಸುವ ಕೈಜೆನ್ (ಕೆಲಸದಲ್ಲಿ ಸಣ್ಣ ಸಣ್ಣ ಸುಧಾರಣೆ), ಡಿಸೈನ್ ಸ್ಪರ್ಧೆಗಳಿವೆಯಲ್ಲ, ಅವಕ್ಕೆ ಅಪ್ರೆಂಟಿಸ್‌ಗಳು ಹೆಸರು ಕೊಡುವುದೇ ಇಲ್ಲ, ಅದು ಪರ್ಮನೆಂಟ್‌ನವರಿಗೆ ಅಂದುಕೊಂಡು. ಹೋಗಿ ಕೇಳಿ ಮಾರಾಯ್ರೆ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

ಸ್ಪರ್ಧೆಗೆ ಹೋದರೆ ಸ್ಟೈಪೆಂಡ್ ಕಟ್ ಆಗ್ತದಾ?

ರಜೆ ಹಾಕಿ ಹೋದಿರಾ, ಕಂಪನಿಯೇ ಕಳಿಸಿತಾ ಎಂಬುದರ ಮೇಲೆ ಹೋಗುತ್ತದೆ. ನಿಮ್ಮ ಕಂಪನಿಯ ರಜೆ ನಿಯಮ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ನೀವು ತರಬೇತಿಯಲ್ಲಿರುವವರು, ಕಾರ್ಮಿಕರಲ್ಲ. ನಿಮ್ಮ ಸಹಿ ಇರುವ ಕಾಂಟ್ರಾಕ್ಟ್ ಒಂದಿರುತ್ತದೆ. ಅದನ್ನು ಓದಿದವರನ್ನು ನಾನು ಕಂಡದ್ದು ಕಡಿಮೆ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಅಂತ ಮಾಡಿದ್ದರು. ಈಗಿನ ನಿಮ್ಮ ಮೊತ್ತ ಕಾಂಟ್ರಾಕ್ಟಿನಲ್ಲೇ ಇದೆ. ಎಷ್ಟೇ ಆದರೂ ಅದು ರೂಮ್ ಬಾಡಿಗೆ, ಬಸ್ಸು, ಊಟಕ್ಕೆ ಸರಿಹೋಗುವ ದುಡ್ಡು. ಅದರಲ್ಲಿ ಮೆಷಿನ್ ಕಟ್ಟಲು ಹೊರಡಬೇಡಿ.

ಮ್ಯಾನೇಜರ್ ಹತ್ತಿರ ಹೇಗೆ ಕೇಳುವುದು? ಬೇಡ ಅಂದರೆ?

“ಸರ್, ಸ್ಪರ್ಧೆಗೆ ಹೋಗ್ಬೇಕು, ಪರ್ಮಿಶನ್ ಕೊಡಿ” ಅಂದರೆ ಬೇಡ ಅನ್ನುವುದೇ ಸುಲಭ. ಅವರ ಪ್ಲಾಂಟಿನಲ್ಲೇ ದಿನಾ ಕಾಟ ಕೊಡುವ ಒಂದು ಸಣ್ಣ ತೊಂದರೆ ಹಿಡಿದುಕೊಂಡು ಹೋಗಿ. “ಎರಡನೇ ಲೈನಿನ ಕನ್ವೇಯರ್ ಕೆಳಗೆ ಬಿದ್ದದ್ದನ್ನು ಗುಡಿಸಲು ಪ್ರತಿ ಪಾಳಿಯಲ್ಲೂ ಒಬ್ಬರು ಬಗ್ಗಿ ಒಳಗೆ ಹೋಗ್ತಾರೆ. ಅದಕ್ಕೆ ಒಂದು ತಟ್ಟೆ ಮಾಡುವ ಐಡಿಯಾ ಇದೆ. ಅದನ್ನೇ ಸ್ಪರ್ಧೆಗೂ ತಗೊಂಡು ಹೋಗ್ಬಹುದಾ?” ಈಗ ಅವರಿಗೂ ಲಾಭ ಉಂಟು. ಸ್ಟೋರಿನಲ್ಲಿ ಬಿದ್ದಿರುವ ಹಳೇ ಆ್ಯಂಗಲ್, ಪ್ಲೇಟ್ ತುಂಡುಗಳನ್ನೂ ಕೊಡಬಹುದು. ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಒಂದು ಮೇಲ್ ಸಾಕು. ಪ್ಲಾಂಟಿನ ಫೋಟೊ, ಡ್ರಾಯಿಂಗ್ ಹೊರಗೆ ತೋರಿಸುವ ಮೊದಲು ಮತ್ತೊಮ್ಮೆ ಕೇಳಿ. ರಿಫೈನರಿ, ಬಂದರು ಇಂಥ ಕಡೆ ಫೋಟೊ ತೆಗೆಯುವುದೇ ನಿಷೇಧ ಇರುತ್ತದೆ.

ಆದರೂ ಬೇಡ ಅಂದರೆ ಸಂಜೆ, ಭಾನುವಾರ ಮಾಡಿ. ಕಂಪನಿಯ ಸಾಮಾನು, ಕಂಪನಿಯ ಸಮಸ್ಯೆ ಎರಡನ್ನೂ ಮುಟ್ಟಬೇಡಿ.

ತಂಡದಲ್ಲಿ ಎಷ್ಟು ಜನ, ಯಾರ್ಯಾರು?

ನಾಲ್ಕೈದು ಜನ. ಎಲ್ಲರೂ ಬಿಇ ಆದರೆ ಆ ತಂಡ ಮೀಟಿಂಗ್ ಮಾಡಿಕೊಂಡೇ ಇರುತ್ತದೆ. ಫಿಟ್ಟರ್ ಅಥವಾ ಟರ್ನರ್ ಟ್ರೇಡಿನ ಒಬ್ಬರು ಇರಲೇಬೇಕು. ಕರೆಂಟ್ ಕೆಲಸ ಗೊತ್ತಿರುವವರು ಒಬ್ಬರು. ಲೆಕ್ಕ, ಬಿಲ್ಲು ಇಡುವವರು ಒಬ್ಬರು. ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಕೊನೆಗೆ ಜಗಳ ಆಗುವುದೂ ಇದರಲ್ಲೇ. ಐಟಿಐ ಹುಡುಗನನ್ನು “ನೀನು ಕಟ್ ಮಾಡು, ಡಿಸೈನ್ ನಾವು ನೋಡ್ಕೊಳ್ತೇವೆ” ಅಂತ ದೂರ ಇಟ್ಟ ತಂಡಗಳ ಮೆಷಿನ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಗ್ರೈಂಡರ್ ಹೋಗದ ಜಾಗದಲ್ಲಿ ವೆಲ್ಡಿಂಗ್, ಡ್ರಿಲ್ ಹಿಡಿಯಲಾಗದ ಕಡೆ ತೂತು.

ಸಮಸ್ಯೆ ಹುಡುಕುವುದು ಹೇಗೆ? ಹೊಸ ಐಡಿಯಾ ಹೊಳೆಯುವುದೇ ಇಲ್ಲ.

ಹೊಳೆಯಬೇಕಂತ ಇಲ್ಲ. ಹೋಗಿ ನೋಡಿದರೆ ಸಾಕು. ನಮ್ಮ ಕರಾವಳಿಯಲ್ಲಿ ಸಮಸ್ಯೆಗೆ ಬರ ಇಲ್ಲ. ಮಲ್ಪೆ ಬಂದರು, ಮಂಗಳೂರಿನ ದಕ್ಕೆ (ಬೋಟು ನಿಲ್ಲುವ ಕಟ್ಟೆ), ಗೇರುಬೀಜದ ಫ್ಯಾಕ್ಟರಿ, ಅಡಿಕೆ ತೋಟ, ಹೋಟೆಲಿನ ಅಡುಗೆಮನೆ. ಎರಡು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ದಕ್ಕೆಯಲ್ಲಿ ಬೋಟಿನಿಂದ ಮೀನಿನ ಕ್ರೇಟ್ ಎತ್ತಲು ಸಣ್ಣ ಕ್ರೇನ್. ತುಂಬ ಜನ ಈ ಐಡಿಯಾಕ್ಕೆ ಕೈ ಹಾಕುತ್ತಾರೆ. ಬೆಳಿಗ್ಗೆ ಹೋಗಿ ಬೋಟಿನ ಡೆಕ್ಕಿನಿಂದ ದಕ್ಕೆಯ ಅಂಚಿನವರೆಗೆ ಟೇಪ್ ಹಿಡಿದು ಎತ್ತರ ಬರೆದುಕೊಂಡು ಬರುತ್ತಾರೆ. ಆ ಅಳತೆ ಆ ಗಂಟೆಗೆ ಮಾತ್ರ ಸರಿ. ಸಮುದ್ರದ ಉಬ್ಬರ ಇಳಿತ ನಮ್ಮಲ್ಲಿ ದೊಡ್ಡ ದಿನಗಳಲ್ಲಿ ಒಂದೂವರೆ ಮೀಟರ್ ಆಸುಪಾಸು ಇರುತ್ತದೆ. ಬೋಟ್ ಖಾಲಿ ಆದ ಹಾಗೆ ಅದೂ ಮೇಲೆ ಬರುತ್ತದೆ. ಒಟ್ಟಿಗೆ ಕಟ್ಟಿದ ಎರಡನೇ, ಮೂರನೇ ಸಾಲಿನ ಬೋಟಿಗೆ ಕ್ರೇನಿನ ಕೈ ಎಟುಕುವುದಿಲ್ಲ. ಇನ್ನೊಂದು ವಿಷಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಸಮಯದಲ್ಲಿ ಅಳೆಯಲು ಹೋದರೆ ಬೋಟುಗಳೇನೋ ಇರುತ್ತವೆ, ಆದರೆ ಮೀನಿಲ್ಲ, ಐಸ್ ಇಲ್ಲ, ಗಡಿಬಿಡಿ ಇಲ್ಲ, ಜಾರುವ ನೆಲ ಇಲ್ಲ. ಆಗಸ್ಟಿನಲ್ಲಿ ಸೀಸನ್ ಶುರುವಾದ ಮೇಲೆ ಅದೇ ಜಾಗದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನಿಮ್ಮ ಕ್ರೇನ್ ಎಲ್ಲಿ ನಿಲ್ಲಬೇಕು? ಅಲ್ಲಿ ಕ್ರೇಟ್ ಹೊರುವವರ ಹತ್ತಿರ ಅರ್ಧ ಗಂಟೆ ಮಾತಾಡಿ. ಅವರಿಗೆ ಎತ್ತುವುದಕ್ಕಿಂತ ಎಳೆಯುವುದೇ ದೊಡ್ಡ ಕಷ್ಟ ಅಂತ ಹೇಳಿದರೂ ಹೇಳಬಹುದು. ಆಗ ನಿಮ್ಮ ಡಿಸೈನ್ ಕ್ರೇನ್ ಬಿಟ್ಟು ಗಾಡಿ ಆಗುತ್ತದೆ.

ಎರಡನೆಯದು ಅಡಿಕೆಗೆ ಮದ್ದು ಬಿಡುವುದು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಇದನ್ನು ಇನ್ನಷ್ಟು ಹಗುರ ಮಾಡುತ್ತೇವೆ ಅಂತ ಹೊರಟ ತಂಡ ಮೊದಲು ದೋಟಿಯನ್ನೇ ತೂಗುತ್ತದೆ. ಆದರೆ ಹೋಸ್ ಪೈಪಿನೊಳಗಿನ ನೀರು? 8.5 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ ಸುಮಾರು 57 ಮಿಲಿ ಲೀಟರ್ ನೀರು ನಿಲ್ಲುತ್ತದೆ. 60 ಅಡಿ ಅಂದರೆ 18 ಮೀಟರಿಗೆ 1 ಕಿಲೊ ದಾಟಿತು. ಅದರ ಮೇಲೆ ಪೈಪಿನ ತೂಕ, ತುದಿಯ ನಾಝಲ್. ತುದಿಯಲ್ಲಿ 100 ಗ್ರಾಂ ಕಡಿಮೆ ಮಾಡಿದರೆ ಕೈಗೆ ಸಿಗುವ ಆರಾಮ ಬುಡದಲ್ಲಿ ಅರ್ಧ ಕಿಲೊ ಇಳಿಸಿದರೂ ಸಿಗುವುದಿಲ್ಲ. ಮೈಲುತುತ್ತಿನ ನೀರು ಕಬ್ಬಿಣದ ಪಾತ್ರೆಯಲ್ಲಿ ನಿಲ್ಲಬಾರದು, ತನ್ನಲ್ಲಿರುವ ತಾಮ್ರವನ್ನು ಪಾತ್ರೆಗೆ ಮೆತ್ತಿ ಕಬ್ಬಿಣ ತಿನ್ನುತ್ತದೆ. ತೋಟದವರು ಇದನ್ನೇ ಪರೀಕ್ಷೆಯಾಗಿ ಮಾಡಿಕೊಂಡಿದ್ದಾರೆ: ದ್ರಾವಣಕ್ಕೆ ಚೂರಿ ಅದ್ದಿ ನೋಡುವುದು, ಕೆಂಪಾದರೆ ಇನ್ನಷ್ಟು ಸುಣ್ಣ. ಕೆಮಿಸ್ಟ್ರಿ ಪುಸ್ತಕದ ಪಾಠವೇ ಅದು, ಅಲ್ವಾ? ಅಷ್ಟಾಗಿಯೂ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಟ್ಯಾಂಕ್ ಬಿಡಿಸಿಕೊಂಡು ಬರುವ ತಂಡಗಳಿವೆ. ಎಲ್ಲಕ್ಕಿಂತ ಮುಖ್ಯ, ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ದೋಟಿ ಎತ್ತಿದವರ ಜೀವಕ್ಕೇ ಅಪಾಯ. ನಿಮ್ಮ ಡಿಸೈನಿನಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಉಳಿದದ್ದನ್ನು ನಾನು ನೋಡುವುದೇ ಇಲ್ಲ.

ಇಲ್ಲಿ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಯಾವ ಮೆಟೀರಿಯಲ್ ಹಾಕುವುದು?

ಎಲ್ಲದಕ್ಕೂ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಕುವ ಅನ್ನುವುದು ಮೊದಲ ಆಲೋಚನೆ. ಎಸ್‌ಎಸ್‌ನಲ್ಲೂ 304 ಇದೆ, 316 ಇದೆ. 316ರಲ್ಲಿ ಶೇ. 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಸಮುದ್ರದ ಉಪ್ಪು ತಡೆಯುತ್ತದೆ. 304 ಪಣಂಬೂರು, ಮಲ್ಪೆ ಬದಿಯಲ್ಲಿ ಚಹಾದ ಕಲೆ ಬಿದ್ದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ 316 ದುಬಾರಿ. ಉಪ್ಪು ನೀರು ತಾಗುವ ಭಾಗಕ್ಕೆ ಮಾತ್ರ ಹಾಕಿ, ಉಳಿದದ್ದು ಎಂಎಸ್, ಚೆನ್ನಾಗಿ ಪ್ರೈಮರ್, ಪೇಂಟ್. ಅಥವಾ ಗ್ಯಾಲ್ವನೈಸಿಂಗ್, ಅಂದರೆ ಸತುವಿನ ಲೇಪ.

ಗ್ಯಾಲ್ವನೈಸಿಂಗ್‌ಗೆ ಕೊಡುವುದಾದರೆ ಬಾಕ್ಸ್ ಪೈಪಿನ ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿ ಕಳಿಸಬೇಡಿ. ಕರಗಿದ ಸತುವಿನೊಳಗೆ ಮುಳುಗಿಸಿದಾಗ ಒಳಗಿನ ಗಾಳಿ, ತೇವ ಹಿಗ್ಗಿ ಪೈಪ್ ಸಿಡಿಯಬಹುದು. ಗಾಳಿ ಹೋಗಲು ತೂತು ಇಡಲೇಬೇಕು. ಗ್ಯಾಲ್ವನೈಸಿಂಗ್ ಇಲ್ಲದಿದ್ದರೂ ಕೆಳಗೊಂದು ನೀರು ಇಳಿಯುವ ತೂತು ಇರಲಿ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರಿದು. ನೀರು ಒಳಗೆ ಹೋಗುವುದು ಗ್ಯಾರಂಟಿ, ಹೊರಗೆ ಬರುವ ದಾರಿ ನೀವು ಮಾಡಬೇಕು.

ಅಲ್ಯೂಮಿನಿಯಂಗೆ ಎಸ್‌ಎಸ್ ಬೋಲ್ಟ್ ಹಾಕಿದರೆ ಉಪ್ಪು ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮಧ್ಯೆ ಪ್ಲಾಸ್ಟಿಕ್ ವಾಷರ್, ಬುಷ್ ಹಾಕಿ ಬೇರೆ ಮಾಡಿ. ದೊಡ್ಡ ಎಸ್‌ಎಸ್ ತಗಡಿಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹೊಡೆಯುವುದಂತೂ ಬೇಡವೇ ಬೇಡ, ರಿವೆಟ್ ಬೇಗ ಪುಡಿಯಾಗುತ್ತದೆ. ಎಸ್‌ಎಸ್ ನಟ್ಟು ಬೋಲ್ಟನ್ನು ಒಣಗಿದ್ದು ಒಣಗಿದ ಹಾಗೆ ಗನ್ ಹಾಕಿ ಬಿಗಿ ಮಾಡಿದರೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕಡಿಯುವುದೇ ದಾರಿ. ಸ್ವಲ್ಪ ಆ್ಯಂಟಿ ಸೀಝ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ.

ಎಲೆಕ್ಟ್ರಿಕ್ ಬಾಕ್ಸ್ ಐಪಿ65 (ಧೂಳು, ನೀರು ಒಳಗೆ ಬಿಡದ್ದು) ತಂದಿದ್ದೇವೆ ಅನ್ನುತ್ತಾರೆ. ತಂದದ್ದು ಸರಿ, ಆಮೇಲೆ ಮೇಲ್ಗಡೆ ತೂತು ಕೊರೆದು ಕೇಬಲ್ ಇಳಿಸಿದರೆ ಆ ನಂಬರಿಗೆ ಬೆಲೆ ಇಲ್ಲ. ಕೇಬಲ್ ಕೆಳಗಿನಿಂದ ಬರಲಿ, ಗ್ಲ್ಯಾಂಡ್ ಹಾಕಿ, ಒಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಬಾಗಿರಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ತ್ರೀಡಿ ಪ್ರಿಂಟ್ ಮಾಡುವವರಿಗೆ ಒಂದು ಮಾತು. ಅದಕ್ಕೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಗಿಯರ್ ಸಂಜೆಗೆ ಸೊಟ್ಟ.

ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ) ಎಷ್ಟು ಕೊಡಬೇಕು? ಎಲ್ಲದಕ್ಕೂ 0.01 ಮಿ.ಮೀ. ಕೊಟ್ಟರೆ ಒಳ್ಳೆಯದಲ್ವಾ?

ಅಲ್ಲ. ಡ್ರಾಯಿಂಗ್ ಪೂರ್ತಿ 0.01 ಬರೆದರೆ ಲೇತಿನವರು ಒಂದೋ ರೇಟ್ ಮೂರು ಪಟ್ಟು ಹೇಳುತ್ತಾರೆ, ಇಲ್ಲವೇ ಡ್ರಾಯಿಂಗ್ ಮಡಚಿಟ್ಟು ತಮಗೆ ತೋಚಿದ್ದು ಮಾಡುತ್ತಾರೆ. ಎರಡನೆಯದೇ ಜಾಸ್ತಿ.

ಬೇಕಾದ ಕಡೆ ಮಾತ್ರ ಬಿಗಿ ಕೊಡಿ. 6204 ಬೇರಿಂಗ್ ತೆಗೆದುಕೊಳ್ಳಿ, ಒಳಗೆ 20, ಹೊರಗೆ 47, ಅಗಲ 14 ಮಿ.ಮೀ. ಶಾಫ್ಟಿಗೆ 20 ಅಂತಷ್ಟೇ ಬರೆದರೆ ಸಾಲದು. ಕೆ6 ಅನ್ನುವ ಟಾಲರೆನ್ಸ್ ಗುರುತು ಕೊಟ್ಟರೆ ಶಾಫ್ಟ್ 20.002ರಿಂದ 20.015ರ ಒಳಗೆ ಬರಬೇಕು. ಹದವಾಗಿ ಹಿಡಿದುಕೊಳ್ಳುತ್ತದೆ. 20.05 ಆದರೆ ಸುತ್ತಿಗೆ ಬರುತ್ತದೆ. ಸುತ್ತಿಗೆ ಹೊರಗಿನ ರಿಂಗಿಗೆ ಬಿದ್ದರೆ ಪೆಟ್ಟು ಬಾಲ್‌ಗಳ ಮೂಲಕ ಹೋಗಿ ಓಡುವ ದಾರಿಯಲ್ಲೇ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಗರಗರ. ಶಾಫ್ಟಿಗೆ ಏರಿಸುವಾಗ ಒತ್ತಡ ಒಳಗಿನ ರಿಂಗಿಗೇ ಕೊಡಬೇಕು, ಸರಿಯಾದ ಅಳತೆಯ ಪೈಪ್ ತುಂಡು ಸಾಕು. 19.95 ಆಯಿತೋ, ಒಳಗಿನ ರಿಂಗ್ ಶಾಫ್ಟ್ ಮೇಲೆ ಜಾರಿ ಜಾರಿ ಶಾಫ್ಟನ್ನೇ ಸವೆಸುತ್ತದೆ.

ಮೋಟರ್ ಕವರಿನ ತೂತಿಗೆ, ಹಿಡಿಯ ಉದ್ದಕ್ಕೆ ಅರ್ಧ ಮಿ.ಮೀ. ಆಚೀಚೆ ಆದರೆ ಯಾರ ಗಂಟೂ ಹೋಗುವುದಿಲ್ಲ.

ಪೇಂಟಿನ ದಪ್ಪ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ತೂತಿನ ಎರಡೂ ಬದಿ ಸೇರಿ ವ್ಯಾಸ 0.12ರಿಂದ 0.16 ಮಿ.ಮೀ. ಕಡಿಮೆ. ನಿನ್ನೆ ಸಲೀಸಾಗಿ ಹೋಗುತ್ತಿದ್ದ ಪಿನ್ನು ಇಂದು ಹೋಗುವುದಿಲ್ಲ. ಸ್ಪರ್ಧೆಗೆ ಎರಡು ದಿನ ಇರುವಾಗ ಕೋಟಿಂಗ್‌ಗೆ ಕೊಟ್ಟು ತಂದ ತಂಡದ ಮುಖ ನೋಡಬೇಕು.

ಸಾಫ್ಟ್‌ವೇರ್ ಯಾವುದು?

ಬರುವುದು ಯಾವುದೋ ಅದು. ಕಾಲೇಜಿನಲ್ಲಿ ಇರುವವರಿಗೆ ಫ್ಯೂಶನ್ ಮುಂತಾದವು ವಿದ್ಯಾರ್ಥಿ ಲೈಸೆನ್ಸಿನಲ್ಲಿ ಸಿಗುತ್ತವೆ. ಓದು ಮುಗಿಸಿದವರಿಗೆ ಫ್ರೀಕ್ಯಾಡ್ ಇದೆ, ಪೂರ್ತಿ ಉಚಿತ. ಮೊದಲು ಸ್ವಲ್ಪ ತಲೆ ತಿನ್ನುತ್ತದೆ. ಕಂಪನಿಯ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಬೇಡಿ. ನೋಟಿಸ್ ಬರುವುದು ಕಂಪನಿಗೆ, ಹೊರಗೆ ಹೋಗುವುದು ನೀವು.

ಕಾಗದ ಪೆನ್ಸಿಲ್ ಬಿಡಬೇಡಿ. ವೆಲ್ಡರಿಗೆ ಹೇಳಲು ರಟ್ಟಿನ ಮಾಡೆಲ್‌ನಷ್ಟು ಒಳ್ಳೆಯದು ಬೇರೆ ಇಲ್ಲ.

ಎಐಗೆ ಕೇಳಿ ಡಿಸೈನ್ ಮಾಡಿಸಬಹುದಾ?

ಲೆಕ್ಕದ ದಾರಿ ತಿಳಿಯಲು ಕೇಳಿ. ಉತ್ತರವನ್ನು ಕೈಯಲ್ಲಿ ಒಮ್ಮೆ ಲೆಕ್ಕ ಹಾಕಿ. ತೀರ್ಪುಗಾರರು “ಈ ಶಾಫ್ಟ್ 25 ಯಾಕೆ, 20 ಯಾಕಲ್ಲ?” ಅಂತ ಕೇಳಿದಾಗ ಎಐ ನಿಮ್ಮ ಪಕ್ಕ ನಿಂತಿರುವುದಿಲ್ಲ.

ಖರ್ಚು ಎಷ್ಟಾಗಬಹುದು?

ಮೊತ್ತ ಹೇಳುವುದಿಲ್ಲ, ಲೆಕ್ಕ ಹಾಕುವುದು ಹೇಳುತ್ತೇನೆ. ಒಂದು ಚದರ ಮೀಟರ್ ಸ್ಟೀಲ್ ಶೀಟ್, ಒಂದು ಮಿ.ಮೀ. ದಪ್ಪ, ತೂಕ 7.85 ಕಿಲೊ. ಇದೊಂದು ಬಾಯಿಪಾಠ ಇರಲಿ. 6 ಮಿ.ಮೀ. ಪ್ಲೇಟ್ ಆದರೆ 47 ಕಿಲೊ. 40×40×5 ಆ್ಯಂಗಲ್ ಮೀಟರಿಗೆ 3 ಕಿಲೊ. ಹೀಗೆ ಕೂಡಿಸಿ ಕಿಲೊದ ರೇಟಿನಿಂದ ಗುಣಿಸಿ. ಅದರ ಮೇಲೆ ಕಟಿಂಗ್, ವೆಲ್ಡಿಂಗ್, ಲೇತ್ ಕೂಲಿ. ಮತ್ತೆ ಬೇರಿಂಗ್, ಮೋಟರ್, ಬೋಲ್ಟ್. ಕೊನೆಗೆ ಆಟೊ ಬಾಡಿಗೆ, ಚಹಾ. ನಗಬೇಡಿ, ಸಾಮಾನು ಸಾಗಿಸುವ ಬಾಡಿಗೆಯೇ ಎಷ್ಟೋ ಸಲ ಬೋಲ್ಟಿನ ಬಿಲ್ಲಿಗಿಂತ ಜಾಸ್ತಿ ಆಗುತ್ತದೆ. ಗುಜರಿ ಅಂಗಡಿ ಒಳ್ಳೆಯ ಜಾಗ. ಆದರೆ ಗುಜರಿಯ ಬೇರಿಂಗ್, ಗುಜರಿಯ ಲಿಫ್ಟಿಂಗ್ ಚೈನ್ ಬೇಡ.

ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಿ.

ಕೆಲಸ ಮಾಡುವಾಗ ಯಾವುದಕ್ಕೆ ಜಾಗ್ರತೆ ಬೇಕು?

ಲೇತ್, ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಕೈಗವಸು ಹಾಕಬೇಡಿ. ಕೇಳಲು ವಿಚಿತ್ರ, ಆದರೆ ತಿರುಗುವ ಬಿಟ್‌ಗೆ ಗ್ಲೌಸಿನ ಒಂದು ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉದ್ದ ತೋಳು, ಶಾಲು, ಐಡಿ ಕಾರ್ಡಿನ ದಾರ, ಬಿಚ್ಚಿದ ಕೂದಲು ಎಲ್ಲಕ್ಕೂ ಇದೇ ಮಾತು. ಗ್ರೈಂಡರ್ ಗಾರ್ಡ್ ತೆಗೆಯಬೇಡಿ. ಗ್ಯಾಲ್ವನೈಸ್ ಮಾಡಿದ ಪೈಪ್ ವೆಲ್ಡ್ ಮಾಡುವ ಮುಂಚೆ ಸತುವಿನ ಪದರ ತೆಗೆಯಿರಿ, ಆ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಇಡಬೇಡಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಕಡೆ ಪವರ್ ಟೂಲ್ ಹಿಡಿಯಬೇಡಿ. ರಾತ್ರಿ ಒಬ್ಬರೇ ಕೂತು ಕೆಲಸ ಮಾಡುವುದು ಬೇಡ. ಕಡೇ ವಾರದಲ್ಲಿ ನಿದ್ದೆಗೆಟ್ಟು ಮಾಡುವಾಗಲೇ ಬೆರಳು ಹೋಗುವುದು.

ವರ್ಕ್‌ಶಾಪಲ್ಲಿ ಹುಡುಗಿಯರನ್ನು ಸೇರಿಸಿಕೊಳ್ತಾರಾ?

ಸೇರಿಸಿಕೊಳ್ಳಲೇಬೇಕು. ಆದರೆ ನಿಜ ಹೇಳಬೇಕಲ್ಲ, ಹೆಚ್ಚಿನ ತಂಡಗಳು ಹುಡುಗಿಯರಿಗೆ ಪಿಪಿಟಿ ಮತ್ತು ರಿಪೋರ್ಟ್ ಕೊಟ್ಟು ಕೂರಿಸುತ್ತವೆ. ಮೊದಲ ದಿನವೇ ವೆಲ್ಡಿಂಗೋ ಅಸೆಂಬ್ಲಿಯೋ, ಒಂದು ಭಾಗ ನನ್ನದು ಅಂತ ಕೇಳಿ ತೆಗೆದುಕೊಳ್ಳಿ. ಮನೆಯವರಿಗೆ ಚಿಂತೆ ಇರುವುದು ರಾತ್ರಿಯದ್ದು. ಸಂಜೆ ಏಳಕ್ಕೆ ಎಲ್ಲರೂ ನಿಲ್ಲಿಸುವ ನಿಯಮ ಮಾಡಿದ ತಂಡದ ಕೆಲಸವೂ ಮುಗಿಯುತ್ತದೆ, ಹುಡುಗರ ಅಮ್ಮಂದಿರಿಗೂ ನಿದ್ದೆ ಬರುತ್ತದೆ.

ತೀರ್ಪುಗಾರರು ಎಂತ ಕೇಳ್ತಾರೆ?

ಅಂಕ ಎಲ್ಲಿದೆ ನೋಡಿದರೆ ಅಂದಾಜಾಗುತ್ತದೆ. ಅಮೆರಿಕದ ಫಾರ್ಮುಲಾ ಎಸ್‌ಎಇ ಎಂಬ ವಿದ್ಯಾರ್ಥಿಗಳ ಕಾರು ಸ್ಪರ್ಧೆಯಲ್ಲಿ ಒಟ್ಟು 1,000 ಅಂಕ. ಡಿಸೈನಿಗೆ 150, ಖರ್ಚಿನ ವಿವರಕ್ಕೆ 100, ಮಾತಾಡಿ ಒಪ್ಪಿಸುವುದಕ್ಕೆ 75. ಎಲ್ಲಕ್ಕಿಂತ ದೊಡ್ಡ ಪಾಲು 275, ಅದು ಗಾಡಿ ಕೆಡದೆ ದೂರ ಓಡಿ ಮುಗಿಸಿದ್ದಕ್ಕೆ. ಕಾರಿಗೇ ಹೀಗೆ, ನಿಮ್ಮ ಗಾಡಿಗೂ ಕ್ರೇನಿಗೂ ಹೀಗೇ. ಎಷ್ಟು ಚಂದ ಅನ್ನುವುದರ ಮುಂಚೆ ನಿಲ್ಲದೆ ಓಡುತ್ತದಾ ನೋಡುತ್ತಾರೆ.

ನಾನು ಮೊದಲು ಕೇಳುವುದು, ಯಾವುದನ್ನು ಮಾಡಿ ಬಿಟ್ಟಿರಿ ಅಂತ. ಮೊದಲ ಮಾಡೆಲ್ ಎಲ್ಲಿ ಬಾಗಿತು, ಆಮೇಲೆ ಏನು ಬದಲಿಸಿದಿರಿ, ಮುರಿದ ತುಂಡು ತಂದಿದ್ದೀರಾ. ತಂದವರು ಬಾಯಿ ಬಿಡದಿದ್ದರೂ ಆ ತುಂಡೇ ಅರ್ಧ ಹೇಳುತ್ತದೆ. ಎರಡನೆಯದು, ಇದನ್ನು ಬಳಸುವವರ ಕೈಗೆ ಕೊಟ್ಟಿರಾ? ಕೊಟ್ಟಾಗ ಅವರು ಏನಂದರು?

ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ತೊಂದರೆಯಾ?

ಇಲ್ಲಿನ ಸ್ಪರ್ಧೆಗಳಲ್ಲಿ ಕನ್ನಡದಲ್ಲೇ ಹೇಳಿ. ತುಳುವಿನಲ್ಲಿ ಶುರು ಮಾಡಿದವರೂ ಇದ್ದಾರೆ, ತೀರ್ಪುಗಾರರೂ ತುಳುವಿನಲ್ಲೇ ಪ್ರಶ್ನೆ ಕೇಳಿದರು. ಹೊರಗಿನ ಸ್ಪರ್ಧೆಗೆ ಡ್ರಾಯಿಂಗ್ ಸರಿ ಇದ್ದರೆ ಅದೇ ಮಾತಾಡುತ್ತದೆ.

ನಮ್ಮ ಐಡಿಯಾ ಕದ್ದರೆ? ಪೇಟೆಂಟ್ ಮಾಡಬೇಕಾ?

ಹೆಚ್ಚಿನವಕ್ಕೆ ಬೇಡ. ನಿಜಕ್ಕೂ ಹೊಸದು ಅನಿಸಿದರೆ, ಸ್ಪರ್ಧೆಯಲ್ಲಿ ಎಲ್ಲರೆದುರು ತೋರಿಸುವ ಮೊದಲೇ ಅರ್ಜಿ ಹಾಕಬೇಕು. ಜನರೆದುರು ಬಹಿರಂಗ ಆದ ಮೇಲೆ ಅದು ಹೊಸದು ಅನ್ನುವ ವಾದಕ್ಕೆ ಪೆಟ್ಟು ಬೀಳುತ್ತದೆ. ಪ್ರೊವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಸಿಗುತ್ತದೆ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಯ ಶುಲ್ಕ 1,600 ರೂಪಾಯಿ, ಆಮೇಲೆ ಪರೀಕ್ಷೆ ಇತ್ಯಾದಿಗೆ ಬೇರೆ ಖರ್ಚಿದೆ. ಪೇಟೆಂಟ್ ಸಿಕ್ಕಿದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ. ಕಂಪನಿಯ ಸಮಸ್ಯೆ, ಕಂಪನಿಯ ಸಾಮಾನು ಬಳಸಿದ್ದರೆ ಹಕ್ಕು ಯಾರದ್ದು ಅಂತ ಮೊದಲೇ ಮಾತಾಡಿ. ಕಾಂಟ್ರಾಕ್ಟಿನಲ್ಲಿ ಅದರ ಬಗ್ಗೆ ಒಂದು ಸಾಲು ಇದ್ದರೂ ಇರಬಹುದು.

ಗೆದ್ದರೆ ಅದೇ ಕಂಪನಿಯಲ್ಲಿ ಕೆಲಸ ಗ್ಯಾರಂಟಿಯಾ?

ಇಲ್ಲ. ಅಪ್ರೆಂಟಿಸ್ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ವ್ಯತ್ಯಾಸ ಕಾಣುತ್ತದೆ. ಸರ್ಟಿಫಿಕೇಟನ್ನು ಯಾರೂ ಎರಡು ಸಲ ನೋಡುವುದಿಲ್ಲ. ಡ್ರಾಯಿಂಗ್, ಬಿಲ್ಲುಗಳು, ಮೊದಲ ಮಾಡೆಲ್ ಮತ್ತು ಕೊನೆಯ ಮಾಡೆಲಿನ ಫೋಟೊ ಇರುವ ಒಂದು ಫೈಲ್ ಇಟ್ಟುಕೊಂಡು ಹೋಗಿ. ಅದನ್ನು ತೆರೆದರೆ ಮಾತು ಬೇರೆ ಕಡೆ ಹೋಗುವುದೇ ಇಲ್ಲ, ನಿಮಗೆ ಗೊತ್ತಿರುವ ವಿಷಯದಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಪ್ರಶಸ್ತಿ ಬಾರದಿದ್ದರೂ ಈ ಫೈಲ್ ಇರುತ್ತದೆ.

ಸ್ಪರ್ಧೆ ಮುಗಿದ ಮೇಲೆ ಮೆಷಿನ್ ಎಂತ ಮಾಡುವುದು?

ಯಾರಿಗಾಗಿ ಮಾಡಿದಿರೋ ಅವರಿಗೆ ಒಂದು ಮಳೆಗಾಲ ಬಳಸಲು ಕೊಡಿ. ಗಾರ್ಡ್ ಎಲ್ಲ ಇದೆಯಾ, ಕರೆಂಟ್ ಭಾಗ ಸರಿಯಿದೆಯಾ ನೋಡಿಯೇ ಕೊಡಿ. ತಿಂಗಳಿಗೊಮ್ಮೆ ಹೋಗಿ ಎಲ್ಲಿ ತುಕ್ಕು, ಎಲ್ಲಿ ಸಡಿಲ, ಯಾವುದನ್ನು ಅವರು ಬಿಚ್ಚಿ ಬಿಸಾಡಿದ್ದಾರೆ ಅಂತ ಬರೆದುಕೊಳ್ಳಿ. ನೀವು ಕಷ್ಟಪಟ್ಟು ಮಾಡಿದ ಮುಚ್ಚಳವನ್ನೇ ಅವರು ಮೊದಲು ತೆಗೆದು ಬದಿಗಿಟ್ಟಿರುತ್ತಾರೆ. ಯಾಕೆ ಅಂತ ಕೇಳಿ. ಯಾರಿಗೂ ಬೇಡವಾದರೆ ಬಿಚ್ಚಿ ಬೇರಿಂಗ್, ಮೋಟರ್ ಮುಂದಿನ ತಂಡಕ್ಕೆ, ಕಬ್ಬಿಣ ಗುಜರಿಗೆ. ಮತ್ತೆ ಪಕ್ಕದ ವರ್ಕ್‌ಶಾಪಿನಿಂದ ಎರವಲು ತಂದ 13ರ ಸ್ಪ್ಯಾನರ್ ವಾಪಸ್ ಕೊಡಿ. ಕೊಡದಿದ್ದರೆ ಮುಂದಿನ ವರ್ಷದವರಿಗೆ ಅವರು ಬಾಗಿಲು ತೆಗೆಯುವುದಿಲ್ಲ.